ಮಳೆಯ ಮೆಸೇಜು ಪುಕ್ಕಟೆ. ಅದನ್ನು ತಯಾರಿಸುವ ಖರ್ಚು ಯಾರದ್ದು?

ಏಪ್ರಿಲ್ ಮುಗಿಯುತ್ತಿದ್ದಂತೆ ಮಳೆ ಮೊದಲು ಸುರಿಯುವುದು ವಾಟ್ಸಾಪ್ ಗುಂಪುಗಳಲ್ಲಿ. "ಈ ಸಲ ಮುಂಗಾರು ಹತ್ತು ದಿನ ಮೊದಲೇ ಬರುತ್ತೆ", "ಜೂನ್ ಪೂರ್ತಿ ಒಣ, ಬಿತ್ತಬೇಡಿ", "ಪಂಚಾಂಗದಲ್ಲಿ ಹೀಗೆ ಬರೆದಿದೆ". ಈಗೀಗ ಈ ಸಾಲಿಗೆ ಇನ್ನೊಂದು ಬಗೆಯ ಮಾತು ಸೇರಿದೆ: "ಎಐ ಈಗ ಒಂದು ತಿಂಗಳು ಮುಂಚೆಯೇ ಮಳೆ ಹೇಳುತ್ತೆ, ಕೋಟ್ಯಂತರ ರೈತರಿಗೆ ಸರ್ಕಾರವೇ ಮೆಸೇಜ್ ಕಳಿಸಿದೆ."

ಈ ಕೊನೆಯದ್ದು ಸುಳ್ಳಲ್ಲ. ಆದರೆ ಕೈಯಿಂದ ಕೈಗೆ ದಾಟುವಾಗ ಅದರ ಅರ್ಧ ಕಥೆ ಉದುರಿಹೋಗಿದೆ. ನಿಜಕ್ಕೂ ಏನು ನಡೆಯಿತು, ಎಷ್ಟು ನಂಬಬಹುದು ಎಂಬುದನ್ನು ನೋಡೋಣ. ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ. ಇಷ್ಟು ಉಪಯೋಗಕ್ಕೆ ಬರುವ ವಸ್ತುವನ್ನು ಯಾವ ಕಂಪನಿಯೂ ಇದುವರೆಗೆ ಯಾಕೆ ಮಾಡಿ ಮಾರಲಿಲ್ಲ? ಕೀಟನಾಶಕ ಹಳ್ಳಿಯ ಗೂಡಂಗಡಿಗೂ ಬಂದಿದೆ, ಟ್ರ್ಯಾಕ್ಟರಿಗೆ ಮನೆ ಬಾಗಿಲಲ್ಲೇ ಸಾಲ ಸಿಗುತ್ತದೆ. ಮಳೆ ಯಾವಾಗ ಹಿಡಿಯುತ್ತದೆ ಎಂಬ ಮಾಹಿತಿ ಮಾತ್ರ ಯಾಕೆ ಬರಲಿಲ್ಲ?

2025ರಲ್ಲಿ ನಡೆದದ್ದು

2025ರ ಮುಂಗಾರು ಹಂಗಾಮಿಗೆ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಕೆಲವು ಭಾಗಗಳಲ್ಲಿ ಒಂದು ಪ್ರಯೋಗ ನಡೆಸಿತು. ಸ್ಥಳೀಯವಾಗಿ ಮುಂಗಾರು ಯಾವಾಗ ಶುರುವಾಗಬಹುದು ಎಂಬ ಅಂದಾಜನ್ನು ಎಂ-ಕಿಸಾನ್ ವ್ಯವಸ್ಥೆಯ ಮೂಲಕ ಸುಮಾರು 3.88 ಕೋಟಿ ರೈತರಿಗೆ ಎಸ್ಸೆಮ್ಮೆಸ್ ಮಾಡಿತು. ಗೂಗಲ್‌ನ ನ್ಯೂರಲ್‌ಜಿಸಿಎಂ, ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ ಎಐಎಫ್ಎಸ್, ಇವುಗಳ ಜೊತೆಗೆ ನಮ್ಮದೇ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆ, ಈ ಮೂರನ್ನೂ ಬೆರೆಸಿ ಮಾಡಿದ ಅಂದಾಜು ಅದು. ವಾರಕ್ಕೊಮ್ಮೆ ಹೊಸದಾಗಿ ಲೆಕ್ಕ ಹಾಕುತ್ತಿದ್ದರು. ಗರಿಷ್ಠ ನಾಲ್ಕು ವಾರ ಮುಂಚಿತವಾಗಿ ಹೇಳುವ ಗುರಿ ಇತ್ತು.

ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದು ಮೇ 24ಕ್ಕೆ. 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ಟೀವಿಗಳೆಲ್ಲ ಸಂಭ್ರಮಿಸಿದವು. ಎರಡೇ ದಿನಕ್ಕೆ ಮುಂಬೈ ಮುಟ್ಟಿದ ಮಳೆ ಆಮೇಲೆ ಉತ್ತರಕ್ಕೆ ಸಾಗದೆ ಸುಮಾರು ಇಪ್ಪತ್ತು ದಿನ ನಿಂತುಬಿಟ್ಟಿತು. ಮಧ್ಯಪ್ರದೇಶದ ರೈತನೊಬ್ಬ "ಮುಂಗಾರು ಬೇಗ ಬಂತಂತೆ" ಎಂಬ ಸುದ್ದಿ ನೋಡಿ ಬೀಜ ಹಾಕಿದ್ದರೆ, ಬೀಜ ಒಣಮಣ್ಣಿನಲ್ಲಿ ಕೂತಿರುತ್ತಿತ್ತು. ಈ ನಿಲುಗಡೆಯನ್ನು ಹೊಸ ಮಾದರಿ ಮೊದಲೇ ಗುರುತಿಸಿತ್ತು ಎನ್ನುತ್ತದೆ ಸಚಿವಾಲಯ. ಆಮೇಲೆ ಮಧ್ಯಪ್ರದೇಶ ಮತ್ತು ಬಿಹಾರದ ರೈತರನ್ನು ಕಿಸಾನ್ ಕಾಲ್ ಸೆಂಟರ್ ಮೂಲಕ ಫೋನಿನಲ್ಲಿ ವಿಚಾರಿಸಿದಾಗ ಶೇ. 31ರಿಂದ 52ರಷ್ಟು ಮಂದಿ ಭೂಮಿ ಸಿದ್ಧತೆ, ಬಿತ್ತನೆ ಸಮಯ, ಬೆಳೆ ಅಥವಾ ಗೊಬ್ಬರದ ಆಯ್ಕೆಯಲ್ಲಿ ಏನಾದರೊಂದು ಬದಲಾಯಿಸಿಕೊಂಡೆವು ಎಂದರಂತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇದು ಫೋನಿನಲ್ಲಿ ಕೇಳಿ ಪಡೆದ ಉತ್ತರವೇ ಹೊರತು ಹೊಲದಲ್ಲಿ ಅಳೆದದ್ದಲ್ಲ. ಸರ್ಕಾರದ ಕಡೆಯಿಂದ ಫೋನ್ ಮಾಡಿ "ನಮ್ಮ ಮೆಸೇಜ್ ಉಪಯೋಗವಾಯಿತಾ?" ಎಂದು ಕೇಳಿದರೆ "ಇಲ್ಲ" ಎನ್ನುವವರು ಕಡಿಮೆ. ಹಾಗಾಗಿ ಈ ಅಂಕಿಯನ್ನು ಉತ್ಸಾಹದ ಲೆಕ್ಕ ಎಂದು ತೆಗೆದುಕೊಳ್ಳಿ, ಲಾಭದ ಲೆಕ್ಕ ಎಂದಲ್ಲ. ಹಾಗೆಯೇ ಒಂದು ವರ್ಷ ಸರಿಯಾದ ಮಾತ್ರಕ್ಕೆ ಮಾದರಿ ಎಲ್ಲ ವರ್ಷವೂ ಸರಿಯಾಗುತ್ತದೆ ಎಂದೇನಿಲ್ಲ.

ಅಖಿಲ ಭಾರತದ ಸರಾಸರಿ ಮಳೆಯಲ್ಲಿ ಯಾರೂ ಬಿತ್ತುವುದಿಲ್ಲ

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಹೇಳುವ "ಶೇ. 96" ಅಥವಾ "ಶೇ. 106" ಎಂಬ ಅಂಕಿ ಇಡೀ ದೇಶದ್ದು, ನಾಲ್ಕು ತಿಂಗಳದ್ದು. ಸರ್ಕಾರಕ್ಕೆ, ರಿಸರ್ವ್ ಬ್ಯಾಂಕಿಗೆ, ಷೇರುಪೇಟೆಗೆ ಅದು ಬೇಕು. ಚಳ್ಳಕೆರೆಯ ಶೇಂಗಾ ಹೊಲಕ್ಕೆ ಅದರಿಂದ ಏನೂ ಗೊತ್ತಾಗುವುದಿಲ್ಲ.

2023 ನೆನಪಿಸಿಕೊಳ್ಳಿ. ಆ ವರ್ಷದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ. 94 ಎಂದು ಮುಗಿಯಿತು. ಕಾಗದದ ಮೇಲೆ ಅದೇನೂ ಮಹಾ ಬರಗಾಲವಲ್ಲ, ಸಾಮಾನ್ಯಕ್ಕಿಂತ ತುಸು ಕಡಿಮೆ ಅಷ್ಟೆ. ಆದರೆ ಆಗಸ್ಟ್ ತಿಂಗಳು 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು, ಸಾಮಾನ್ಯಕ್ಕಿಂತ ಶೇ. 36ರಷ್ಟು ಕೊರತೆ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ದೇಶದ ಸರಾಸರಿಯಲ್ಲಿ ಆರು ಅಂಕದ ಕೊರತೆ, ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲವೂ ಬರ.

ರೈತನಿಗೆ ಬೇಕಾದದ್ದು ಬೇರೆಯದೇ ಪ್ರಶ್ನೆಗೆ ಉತ್ತರ. ನನ್ನೂರಿನಲ್ಲಿ ಮಳೆ ಹಿಡಿಯುವುದು ಯಾವಾಗ? ಹಿಡಿದ ಮೇಲೆ ನಡುವೆ ಎರಡು ವಾರ ಕೈಕೊಡುತ್ತದೆಯೋ? ಕೇರಳಕ್ಕೆ ಮುಂಗಾರು ಕಾಲಿಟ್ಟ ದಿನಾಂಕದಿಂದ ಇದನ್ನು ಲೆಕ್ಕ ಹಾಕಲಾಗದು ಎಂಬುದಕ್ಕೆ 2025ರ ಮಧ್ಯ ಭಾರತವೇ ಸಾಕ್ಷಿ. ನಮ್ಮಲ್ಲಿ ರೋಹಿಣಿ, ಮೃಗಶಿರ, ಆರಿದ್ರ ಎಂದು ಸುಮಾರು ಎರಡು ವಾರಕ್ಕೊಂದು ಮಳೆ ನಕ್ಷತ್ರ ಎಣಿಸಿ ಬಿತ್ತುವ ಕ್ರಮ ಇತ್ತು, ಈಗಲೂ ಇದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಅವಸರ ಬೇಡ. ನಕ್ಷತ್ರಕ್ಕೂ ಮೋಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ಅದು ತಲೆಮಾರುಗಳು ಗಮನಿಸಿ ಕಟ್ಟಿದ ಋತುಮಾನದ ಕ್ಯಾಲೆಂಡರ್. ಕ್ಯಾಲೆಂಡರ್ ಸರಾಸರಿ ವರ್ಷವನ್ನು ಹೇಳುತ್ತದೆ, ಈ ವರ್ಷವನ್ನು ಹೇಳುವುದಿಲ್ಲ. ವಾತಾವರಣ ಬಿಸಿಯಾದಂತೆ ಮಳೆ ಕಡಿಮೆ ದಿನಗಳಲ್ಲಿ ಜಾಸ್ತಿ ಸುರಿದು ನಡುವೆ ಬಿಡುವು ಕೊಡುವುದು ಹೆಚ್ಚಿದರೆ, ಸರಾಸರಿಯನ್ನು ನಂಬಿದವರಿಗೆ ಪೆಟ್ಟು ಬೀಳುತ್ತದೆ.

ಮಾಹಿತಿ ಕೊಟ್ಟರೆ ರೈತ ನಿಜಕ್ಕೂ ಬಳಸುತ್ತಾನೆಯೇ? ಇದಕ್ಕೆ ಫೋನ್ ಸಮೀಕ್ಷೆಗಿಂತ ಗಟ್ಟಿಯಾದ ಉತ್ತರ ಪಕ್ಕದ ತೆಲಂಗಾಣದಿಂದ ಬಂದಿದೆ. ಅಲ್ಲಿ ಸಂಶೋಧಕರು 250 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವು ಹಳ್ಳಿಗಳಿಗೆ ಮುಂಗಾರು ಆರಂಭದ ಮುನ್ಸೂಚನೆಯನ್ನು ಒಂದು ತಿಂಗಳಿಗೂ ಮೊದಲೇ ಕೊಟ್ಟರು, ಕೆಲವಕ್ಕೆ ಮಳೆ ವಿಮೆ ಕೊಟ್ಟರು, ಉಳಿದವಕ್ಕೆ ಏನೂ ಕೊಡಲಿಲ್ಲ. ಮುನ್ಸೂಚನೆ ಕೊಡುವ ಮೊದಲು "ಈ ಸಲ ಮಳೆ ಯಾವಾಗ ಬರುತ್ತದೆ ಅನ್ನಿಸುತ್ತದೆ?" ಎಂದು ರೈತರನ್ನೇ ಕೇಳಿ ಬರೆದುಕೊಂಡಿದ್ದರು. ಇದು ಜಾಣತನದ ಕೆಲಸ. ಯಾಕೆಂದರೆ ಒಂದೇ ಮುನ್ಸೂಚನೆ ಒಬ್ಬನಿಗೆ ಒಳ್ಳೆಯ ಸುದ್ದಿ, ಇನ್ನೊಬ್ಬನಿಗೆ ಕೆಟ್ಟ ಸುದ್ದಿ. ಬೇಗ ಬರುತ್ತದೆ ಎಂದುಕೊಂಡಿದ್ದವನಿಗೆ ತಡ ಎಂದು ತಿಳಿದಾಗ ಅವನು ಬಿತ್ತನೆಯ ಜಮೀನನ್ನು ಕಡಿಮೆ ಮಾಡಿದ, ಖರ್ಚು ಹಿಡಿದ. ತಡ ಎಂದುಕೊಂಡಿದ್ದವನಿಗೆ ಬೇಗ ಎಂದು ತಿಳಿದಾಗ ಅವನು ಗೊಬ್ಬರ, ಬೀಜಕ್ಕೆ ಹೆಚ್ಚು ಹಾಕಿದ.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಮೊದಲ ಗುಂಪು. ಕಡಿಮೆ ಬಿತ್ತುವುದೂ ಲಾಭವೇ ಎಂಬುದು "ಇಳುವರಿ ದುಪ್ಪಟ್ಟು" ಎನ್ನುವ ಜಾಹೀರಾತಿನ ಭಾಷೆಯಲ್ಲಿ ಹಿಡಿಯುವುದಿಲ್ಲ. ಸೋಲುವ ವರ್ಷ ಸಾಲ ಮಾಡದೆ ಉಳಿದದ್ದು ಯಾರ ಯಶಸ್ಸಿನ ಕಥೆಯಲ್ಲೂ ಬರುವುದಿಲ್ಲ.

ಫಾರ್ವರ್ಡ್ ಆಗುವುದೇ ಇದರ ಕಷ್ಟ

ಈಗ ದುಡ್ಡಿನ ವಿಷಯಕ್ಕೆ ಬರೋಣ. ನೀವು ಒಂದು ಕಂಪನಿ ಎಂದುಕೊಳ್ಳಿ. ಹತ್ತಾರು ಕೋಟಿ ಹಾಕಿ ತಾಲ್ಲೂಕುವಾರು ಮಳೆ ಮುನ್ಸೂಚನೆ ತಯಾರಿಸಿದಿರಿ. ಒಬ್ಬ ರೈತನಿಗೆ ಐವತ್ತು ರೂಪಾಯಿಗೆ ಮಾರಿದಿರಿ. ಸಂಜೆಯೊಳಗೆ ಅದು ಊರಿನ ಗುಂಪಿಗೆ ಫಾರ್ವರ್ಡ್ ಆಗಿರುತ್ತದೆ. ಮರುದಿನ ನಿಮ್ಮಿಂದ ಕೊಳ್ಳುವವರು ಯಾರು?

ಸಮಾಜಕ್ಕೆ ಇದು ಅದ್ಭುತ. ಒಬ್ಬನಿಗೆ ಗೊತ್ತಾದರೆ ಇನ್ನೊಬ್ಬನ ಪಾಲು ಕಡಿಮೆಯಾಗುವುದಿಲ್ಲ, ಹಂಚಲು ಖರ್ಚಿಲ್ಲ. ಕಂಪನಿಗೆ ಇದು ದಿವಾಳಿ. ಹಂಚಿದಷ್ಟೂ ಬೆಲೆ ಹೆಚ್ಚುವ ವಸ್ತುವನ್ನು ಮಾರಿ ದುಡ್ಡು ಮಾಡಲಾಗದು. ಅರ್ಥಶಾಸ್ತ್ರದವರು ಇಂಥದ್ದನ್ನು ಸಾರ್ವಜನಿಕ ಸರಕು ಎನ್ನುತ್ತಾರೆ. ಬೀದಿದೀಪ, ಪೋಲಿಯೋ ನಿರ್ಮೂಲನೆ, ಸಮುದ್ರದ ದೀಪಸ್ತಂಭ ಎಲ್ಲ ಇದೇ ಜಾತಿ. ಕಂಪನಿಗಳು ದುರಾಸೆಯವು ಎಂದಲ್ಲ, ಈ ಸರಕಿನ ಸ್ವಭಾವವೇ ಹಾಗೆ.

ಹಾಗಾದರೆ ಎಐ ಬಂದು ಎಲ್ಲ ಅಗ್ಗವಾಯಿತಲ್ಲ? ಅಗ್ಗವಾದದ್ದು ಲೆಕ್ಕ ಹಾಕುವ ಕೆಲಸ. ಹಿಂದೆ ಸೂಪರ್ ಕಂಪ್ಯೂಟರ್ ಗಂಟೆಗಟ್ಟಲೆ ಮಾಡುತ್ತಿದ್ದ ಲೆಕ್ಕವನ್ನು ಕಲಿತು ಸಿದ್ಧವಾದ ಮಾದರಿ ಸಾಮಾನ್ಯ ಯಂತ್ರದಲ್ಲೇ ಬೇಗ ಮುಗಿಸುತ್ತದೆ. ಆದರೆ ಅದು ಕಲಿತದ್ದು ಯಾವುದರಿಂದ? ದಶಕಗಳ ಕಾಲ ಉಪಗ್ರಹ, ಬಲೂನು, ಮಳೆ ಮಾಪಕಗಳಿಂದ ಕೂಡಿಟ್ಟ ದಾಖಲೆಗಳಿಂದ. ಅದೆಲ್ಲ ತೆರಿಗೆದಾರರ ಹಣ. ನಮ್ಮ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಯಾವುದೋ ತಾಲ್ಲೂಕು ಕಚೇರಿಯ ಅಂಗಳದಲ್ಲಿ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟ ಗುಮಾಸ್ತನ ಕೆಲಸವೂ ಇವತ್ತಿನ ಎಐ ಮುನ್ಸೂಚನೆಯ ಬಂಡವಾಳವೇ.

ಮುನ್ಸೂಚನೆಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಒಡಿಶಾದ ಭತ್ತದ ಕಥೆ ಕೇಳಿ. ಆಂಧ್ರದ ಮಾರುಟೇರು ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಸ್ವರ್ಣ ಎಂಬ ತಳಿ ಪೂರ್ವ ಭಾರತದಲ್ಲಿ ಮನೆಮಾತು. ಅದರ ದೌರ್ಬಲ್ಯ ನೆರೆ. ಭತ್ತ ನೀರಿನ ಬೆಳೆ ನಿಜ, ಆದರೆ ಪೂರ್ತಿ ಮುಳುಗಿದರೆ ಗಿಡ ಉಸಿರಿಗಾಗಿ ಉದ್ದುದ್ದ ಬೆಳೆಯಲು ಹೋಗಿ ಶಕ್ತಿ ಕಳೆದುಕೊಂಡು ಸಾಯುತ್ತದೆ. ಒಡಿಶಾದ್ದೇ ಒಂದು ಹಳೆಯ ನಾಟಿ ತಳಿ ಮಾತ್ರ ಹಾಗೆ ಮಾಡುವುದಿಲ್ಲ. ಮುಳುಗಿದಾಗ ಬೆಳವಣಿಗೆ ನಿಲ್ಲಿಸಿ, ಶಕ್ತಿ ಉಳಿಸಿಕೊಂಡು, ನೀರಿಳಿದ ಮೇಲೆ ಎದ್ದು ನಿಲ್ಲುತ್ತದೆ. ಇದಕ್ಕೆ ಕಾರಣವಾದ ಸಬ್1ಎ ಜೀನನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅದನ್ನು ಸಾಂಪ್ರದಾಯಿಕ ಕ್ರಾಸಿಂಗ್ ಮೂಲಕವೇ ಸ್ವರ್ಣಕ್ಕೆ ಸೇರಿಸಿತು. ಇದು ಕುಲಾಂತರಿ ಅಲ್ಲ, ಹಾಗೆಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. 2009ರಲ್ಲಿ ಭಾರತದಲ್ಲಿ ಸ್ವರ್ಣ-ಸಬ್1 ಬಿಡುಗಡೆಯಾಯಿತು. ಎರಡು ವಾರದವರೆಗೆ ಮುಳುಗಿದರೂ ತಾಳುತ್ತದೆ. ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಹಳೆಯ ಸ್ವರ್ಣಕ್ಕಿಂತ ಸುಮಾರು ಶೇ. 45ರಷ್ಟು ಹೆಚ್ಚು ಇಳುವರಿ ಬಂದದ್ದು ದಾಖಲಾಗಿದೆ.

ಒಡಿಶಾದ 128 ಹಳ್ಳಿಗಳಲ್ಲಿ ಅರ್ಧಕ್ಕೆ ಐದೈದು ಕಿಲೋ ಬೀಜ ಕೊಟ್ಟು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನೆರೆಯೇ ಬಾರದ ವರ್ಷದಲ್ಲೂ ಬೀಜ ಪಡೆದವರ ಇಳುವರಿ ಶೇ. 10ರಷ್ಟು ಜಾಸ್ತಿಯಾಗಿತ್ತು. ಯಾಕೆ? "ಮುಳುಗಿದರೂ ಪೂರ್ತಿ ಹೋಗುವುದಿಲ್ಲ" ಎಂಬ ಧೈರ್ಯ ಬಂದಾಗ ರೈತರು ಗೊಬ್ಬರಕ್ಕೆ ದುಡ್ಡು ಹಾಕಿದರು, ಎರಚುವ ಬದಲು ನಾಟಿ ಮಾಡಿದರು, ಸಾಲ ತೆಗೆದುಕೊಳ್ಳಲು ಹಿಂಜರಿಯಲಿಲ್ಲ. ಬಡ ರೈತ ಕಡಿಮೆ ಖರ್ಚು ಮಾಡುವುದು ಸೋಮಾರಿತನದಿಂದಲೂ ಅಲ್ಲ, ಅಜ್ಞಾನದಿಂದಲೂ ಅಲ್ಲ. ಕಳೆದುಕೊಳ್ಳುವ ಭಯದಿಂದ. ಇನ್ನೂ ಒಂದು ಮಾತು. ನೆರೆ ನುಗ್ಗುವ ತಗ್ಗು ಜಮೀನು ಯಾರ ಪಾಲಿಗೆ ಬಂದಿರುತ್ತದೆ ಎಂದು ನಮ್ಮ ಊರುಗಳನ್ನು ಬಲ್ಲವರಿಗೆ ಹೇಳಬೇಕಿಲ್ಲ. ಪರಿಶಿಷ್ಟ ಜಾತಿಗಳ ರೈತರಿಗೆ ಈ ತಳಿಯಿಂದ ಹೆಚ್ಚಿನ ಪ್ರಯೋಜನ ಆಗಬಲ್ಲದು ಎಂದು ಅಧ್ಯಯನಗಳು ತೋರಿಸಿವೆ.

ಇಷ್ಟು ಒಳ್ಳೆಯ ಬೀಜವನ್ನು ಖಾಸಗಿ ಕಂಪನಿ ಯಾಕೆ ಮಾಡಲಿಲ್ಲ? ಈ ಭತ್ತದ ಬೀಜವನ್ನು ರೈತ ಮನೆಯಲ್ಲೇ ಇಟ್ಟುಕೊಂಡು ಮರುವರ್ಷ ಬಿತ್ತಬಹುದು, ನೆಂಟರಿಗೆ ಕೊಡಬಹುದು. ಹೈಬ್ರಿಡ್ ಮೆಕ್ಕೆಜೋಳದ ಹಾಗೆ ಪ್ರತಿವರ್ಷ ಅಂಗಡಿಗೆ ಬರಬೇಕಿಲ್ಲ. ಅಂದರೆ ಈ ಬೀಜವೂ ಫಾರ್ವರ್ಡ್ ಆಗುತ್ತದೆ. ಅದಕ್ಕೇ ಇದು ಸಾರ್ವಜನಿಕ ಹಣದಿಂದಲೇ ಬರಬೇಕಾಯಿತು.

ಆದರೆ ಫಾರ್ವರ್ಡ್ ಎಲ್ಲರಿಗೂ ತಲುಪುತ್ತದೆ ಎಂಬ ಭ್ರಮೆಯೂ ಬೇಡ. ಬೀಜವನ್ನು ಕೆಲವರಿಗೆ ಕೊಟ್ಟು "ಅವರಿಂದ ಊರಿಗೆಲ್ಲ ಹರಡುತ್ತದೆ" ಎಂದು ಬಿಟ್ಟಾಗ ಅದು ನೆಂಟರಿಷ್ಟರ ನಡುವೆ, ಜಾತಿಯ ಗೆರೆಯ ಒಳಗೆ ಸುತ್ತುವುದು ಹೆಚ್ಚು ಎಂದು ಒಡಿಶಾದ್ದೇ ಇನ್ನೊಂದು ಪ್ರಯೋಗ ತೋರಿಸಿತು. ಅದೇ ಬೀಜವನ್ನು ಮನೆ ಮನೆಗೆ ಹೋಗಿ ಮಾರಿದಾಗ ಕೊಂಡವರು ಎಷ್ಟೋ ಪಾಲು ಹೆಚ್ಚು. ಸಂವಹನ ಓದಿದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳ ಪಟ್ಟಿಯನ್ನೇ ಒಮ್ಮೆ ನೋಡಿಕೊಂಡರೆ ಸಾಕು, ಯಾರಿದ್ದಾರೆ, ಯಾರಿಲ್ಲ ಎಂದು.

ವಿಮೆ ಇದೆಯಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ, ಚುಟುಕಾಗಿ ಹೇಳುತ್ತೇನೆ. ಮಳೆ ಆಧಾರಿತ ವಿಮೆಯನ್ನು ಭಾರತದಲ್ಲಿ 2003ರಲ್ಲಿ ಮಹಬೂಬ್‌ನಗರದಲ್ಲಿ ಪ್ರಯೋಗಿಸಿದರು. ಕಾಗದದ ಮೇಲೆ ಸೊಗಸಾದ ಯೋಚನೆ: ಮಾಪಕದಲ್ಲಿ ಮಳೆ ಕಡಿಮೆ ಬಿದ್ದರೆ ಹಣ ತಾನಾಗಿ ಬರುತ್ತದೆ. ಆದರೆ ನ್ಯಾಯವಾದ ಬೆಲೆಗಿಂತ ಎಷ್ಟೋ ಕಡಿಮೆ ಬೆಲೆಗೆ ಕೊಟ್ಟರೂ ಅರ್ಧಕ್ಕಿಂತ ಹೆಚ್ಚು ರೈತರು ಕೊಳ್ಳಲಿಲ್ಲ ಎಂದು ಆಂಧ್ರ ಮತ್ತು ಗುಜರಾತಿನ ಪ್ರಯೋಗಗಳು ಹೇಳಿದವು. ನಂಬಿಕೆ ಇಲ್ಲ, ಕಟ್ಟುವ ಹೊತ್ತಿಗೆ ಕೈಯಲ್ಲಿ ಕಾಸಿಲ್ಲ. ಈಗಿನ ಫಸಲ್ ಬಿಮಾದಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ಶೇ. 2, ಉಳಿದದ್ದು ಸರ್ಕಾರಗಳದ್ದು. ಅಂದರೆ ವಿಮೆಯೂ ನಿಂತಿರುವುದು ಸಾರ್ವಜನಿಕ ಹಣದ ಮೇಲೆಯೇ. ವಿಮೆ ಬೇಕು. ಆದರೆ ನಷ್ಟವಾದ ಮೇಲೆ ಕೊಡುವ ದುಡ್ಡು, ನಷ್ಟವನ್ನೇ ತಪ್ಪಿಸುವ ಬೀಜ ಅಥವಾ ಮಾಹಿತಿಗೆ ಬದಲಿಯಾಗದು.

ಹಾಗಾದರೆ ಯಾವುದಕ್ಕೆ, ಹೇಗೆ ಹಣ ಹಾಕಬೇಕು?

ಸರ್ಕಾರದ ಹಣ ಎಂದ ಕೂಡಲೇ ಅದು ಪೋಲಾಗುವ ಭಯ ಸಹಜ. ಆ ಭಯಕ್ಕೆ ಆಧಾರವೂ ಇದೆ. ಹವಾಮಾನ ಬದಲಾವಣೆ ಎಂಬ ಹೆಸರಿಟ್ಟರೆ ಇವತ್ತು ಯಾವ ಆ್ಯಪ್ ಕೂಡ ಪರಿಹಾರವೆಂದು ಕರೆಸಿಕೊಳ್ಳುತ್ತದೆ. ಹತ್ತು ಹೊಸ ಉಪಾಯಗಳಲ್ಲಿ ಏಳೆಂಟು ಹೊಲದಲ್ಲಿ ಸೋಲುತ್ತವೆ ಎಂದು ಮೊದಲೇ ಒಪ್ಪಿಕೊಂಡು ಹಣ ಹಂಚುವ ಕ್ರಮ ಬೇಕು.

ಅಂಥ ಒಂದು ಕ್ರಮವನ್ನು ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2010ರಲ್ಲಿ ಶುರುಮಾಡಿತ್ತು. ಮೊದಲು ಸಣ್ಣ ಮೊತ್ತ, ಉಪಾಯ ಕೆಲಸ ಮಾಡುತ್ತದೆಯೇ ನೋಡಲು. ಪುರಾವೆ ಸಿಕ್ಕರೆ ದೊಡ್ಡ ಮೊತ್ತ, ಸರಿಯಾಗಿ ಅಳೆಯಲು. ಅದರಲ್ಲೂ ಗೆದ್ದರೆ ಮಾತ್ರ ಲಕ್ಷಾಂತರ ಜನಕ್ಕೆ ಹಬ್ಬಿಸಲು ಹಣ. ಮೊದಲ ವರ್ಷಗಳ 41 ಯೋಜನೆಗಳನ್ನು ಲೆಕ್ಕ ಹಾಕಿದಾಗ ಹಾಕಿದ ಪ್ರತಿ ಡಾಲರಿಗೆ ಕನಿಷ್ಠ 17 ಡಾಲರ್ ಸಾಮಾಜಿಕ ಲಾಭ ಬಂದಿದೆ ಎಂದಾಯಿತು. ಆ ಲಾಭ ಬಂದದ್ದು ಬೆರಳೆಣಿಕೆಯ ಯೋಜನೆಗಳಿಂದ, ಉಳಿದವು ಸೋತವು ಅಥವಾ ಸಣ್ಣದಾಗಿ ಉಳಿದವು. ಅವು ಬರೀ ಕೃಷಿಯವಲ್ಲ, ಕುಡಿಯುವ ನೀರು, ಕನ್ನಡಕ ಎಲ್ಲ ಸೇರಿತ್ತು. ಲೆಕ್ಕ ಹಾಕಿದವರಲ್ಲಿ ಒಬ್ಬರು 2019ರ ಅರ್ಥಶಾಸ್ತ್ರ ನೊಬೆಲ್ ಹಂಚಿಕೊಂಡ ಮೈಕೆಲ್ ಕ್ರೆಮರ್, ಅವರು ಆ ಯೋಜನೆಯನ್ನು ಕಟ್ಟಿದವರಲ್ಲೂ ಒಬ್ಬರು. ಆದ್ದರಿಂದ ಅಂಕಿಯನ್ನು ಚಿಟಿಕೆ ಉಪ್ಪಿನ ಜೊತೆ ತೆಗೆದುಕೊಳ್ಳಿ. ಕ್ರಮದ ತರ್ಕ ಮಾತ್ರ ಗಟ್ಟಿ: ಸೋಲನ್ನು ಅಗ್ಗದಲ್ಲಿ ಮುಗಿಸು, ಗೆಲುವಿಗೆ ಧಾರಾಳವಾಗಿ ಹಾಕು. 2025ರಲ್ಲಿ ಯುಎಸ್‌ಏಡ್ ಅನ್ನೇ ಮುಚ್ಚಿದ್ದರಿಂದ ಅದರೊಳಗಿನ ಆ ಕಾರ್ಯಕ್ರಮವೂ ನಿಂತಿತು. ಶ್ರೀಮಂತ ದೇಶಗಳ ಮನಸ್ಸಿನ ಮೇಲೆ ನಮ್ಮ ರೈತನ ಪ್ರಯೋಗಗಳು ನಿಲ್ಲಬಾರದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಜಗತ್ತಿನ ಒಟ್ಟು ಹವಾಮಾನ ಹಣಕಾಸಿನಲ್ಲಿ ಸಣ್ಣ ರೈತರ ಕೃಷಿಗೆ ಬರುವ ಪಾಲು ಎಷ್ಟು ಗೊತ್ತೇ? ಕ್ಲೈಮೇಟ್ ಪಾಲಿಸಿ ಇನಿಶಿಯೇಟಿವ್ ಸಂಸ್ಥೆ 2019 ಮತ್ತು 2020ರ ಲೆಕ್ಕ ತೆಗೆದಾಗ ಶೇ. 0.8. ಸೋಲಾರ್ ಪಾರ್ಕು, ಎಲೆಕ್ಟ್ರಿಕ್ ಕಾರುಗಳಿಂದ ಹಾಕಿದ ದುಡ್ಡು ವಾಪಸ್ ಬರುತ್ತದೆ. ಮಳೆ ಮುನ್ಸೂಚನೆಯಿಂದ ಬರುವ ಲಾಭ ಕೋಟಿ ಮನೆಗಳಲ್ಲಿ ಚಿಲ್ಲರೆಯಾಗಿ ಹರಡಿಹೋಗುತ್ತದೆ, ಹೂಡಿದವನ ಖಾತೆಗೆ ಬರುವುದಿಲ್ಲ.

ಕೆಲವೊಮ್ಮೆ ಬೇಕಾದದ್ದು ದುಡ್ಡೂ ಅಲ್ಲ. ಆಫ್ರಿಕಾದ ನೈಜರ್ ದೇಶದಲ್ಲಿ ಬರಡು ನೆಲದಲ್ಲಿ ಅರ್ಧಚಂದ್ರಾಕಾರದ ಸಣ್ಣ ಬದು ತೋಡಿ ಹರಿಯುವ ಮಳೆನೀರು ಹಿಡಿಯುವ ವಿಧಾನವಿದೆ. ಉಪಯೋಗ ಗೊತ್ತಿದ್ದರೂ ಬಹಳ ಕಡಿಮೆ ಜನ ಮಾಡುತ್ತಿದ್ದರು. ಬಡತನ, ಅದಕ್ಕೆ ದುಡ್ಡು ಕೊಡಬೇಕು ಎಂದುಕೊಳ್ಳುವುದು ಸಹಜ. ಸಂಶೋಧಕರು ಕೆಲವು ಹಳ್ಳಿಗಳಲ್ಲಿ ಬರೀ ಒಂದು ದಿನದ ತರಬೇತಿ ಕೊಟ್ಟರು, ಕೆಲವು ಕಡೆ ತರಬೇತಿಯ ಜೊತೆ ನಗದೂ ಕೊಟ್ಟರು. ತರಬೇತಿ ಪಡೆದ ಹಳ್ಳಿಗಳಲ್ಲಿ ಬದು ತೋಡಿದವರ ಪ್ರಮಾಣ 90 ಅಂಕಗಳಿಗೂ ಹೆಚ್ಚು ಏರಿತು. ನಗದು ಸೇರಿಸಿದ್ದರಿಂದ ಹೆಚ್ಚೇನೂ ಆಗಲಿಲ್ಲ. ಯಾವ ಅಳತೆ, ಯಾವ ಇಳಿಜಾರಿಗೆ ಯಾವ ದಿಕ್ಕು ಎಂಬುದು ಕೈಹಿಡಿದು ತೋರಿಸುವವರಿರಲಿಲ್ಲ, ಅಷ್ಟೆ. ಇದನ್ನು ಅಳೆಯದೆ ಸಬ್ಸಿಡಿ ಘೋಷಿಸಿದ್ದರೆ ಹಣವೆಲ್ಲ ಹೋಗುತ್ತಿತ್ತು, ಕಾರಣವೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಕಡೆ ಏನಾಗಿದೆ

ಭಾರತದ ಚಿತ್ರ ಮಿಶ್ರ. ಒಂದು ಕಡೆ 2024ರ ಸೆಪ್ಟೆಂಬರಿನಲ್ಲಿ ಮಿಷನ್ ಮೌಸಮ್‌ಗೆ ಎರಡು ವರ್ಷಕ್ಕೆ 2,000 ಕೋಟಿ ರೂಪಾಯಿ ಒಪ್ಪಿಗೆಯಾಯಿತು. 2025ರ ಮೇ ತಿಂಗಳಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, 6 ಕಿಲೋಮೀಟರ್ ಚೌಕಗಳಲ್ಲಿ ಲೆಕ್ಕ ಹಾಕುವ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಬಂತು. ಮೊದಲು ಆ ಚೌಕ 12 ಕಿಲೋಮೀಟರ್ ಇತ್ತು. ಇನ್ನೊಂದು ಕಡೆ, ಜಿಲ್ಲಾ ಮಟ್ಟದಲ್ಲಿ ಮುನ್ಸೂಚನೆಯನ್ನು ರೈತರ ಭಾಷೆಗೆ ಇಳಿಸಿ "ಈ ವಾರ ಔಷಧಿ ಹೊಡೆಯಬೇಡಿ", "ಕೊಯ್ಲು ಎರಡು ದಿನ ತಡೆಯಿರಿ" ಎಂದು ಹೇಳುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರ ಆರಂಭದಲ್ಲಿ ಮುಚ್ಚಲಾಯಿತು. ಇಂಥ ಸೇವೆಯನ್ನು ಎಲ್ಲರಿಗೂ ಪುಕ್ಕಟೆ ಕೊಡುವುದೇಕೆ, ಶುಲ್ಕ ಪಡೆಯಬಹುದಲ್ಲ ಎಂಬ ವಾದ ನೀತಿ ಆಯೋಗದ ಕಡೆಯಿಂದ ಬಂದಿತ್ತು ಎಂದು ಆಗ ಪತ್ರಿಕೆಗಳು ವರದಿ ಮಾಡಿದ್ದವು. ಮೇಲೆ ಹೇಳಿದ ಐವತ್ತು ರೂಪಾಯಿಯ ಕಂಪನಿಯ ಕಥೆ ಮತ್ತೊಮ್ಮೆ ಓದಿದರೆ ಆ ವಾದ ಎಲ್ಲಿ ಎಡವುತ್ತದೆ ಎಂದು ಗೊತ್ತಾಗುತ್ತದೆ. ಮುನ್ಸೂಚನೆ ಸೂಕ್ಷ್ಮವಾಯಿತು, ಅದನ್ನು ಹೊಲದ ಮಾತಿಗೆ ಇಳಿಸುವ ಮನುಷ್ಯ ಹೋದ. ನೈಜರ್‌ನ ಪಾಠಕ್ಕೆ ಇದು ತದ್ವಿರುದ್ಧ.

ಕರ್ನಾಟಕದ ಪಾಲಿಗೆ ಒಂದು ಆಸ್ತಿ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆ ಮಾಪಕಗಳ ಜಾಲ ಅದರದ್ದು. ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಯಾವ ಎಐ ಮಾದರಿಗೂ ನಮ್ಮ ಊರಿನ ಮಟ್ಟದಲ್ಲಿ ಕಲಿಯಲು, ಸರಿಯೋ ತಪ್ಪೋ ಎಂದು ತಾಳೆ ನೋಡಲು ಇಂಥ ದಾಖಲೆಯೇ ಬೇಕು.

2025ರ ಆ 3.88 ಕೋಟಿ ಮೆಸೇಜುಗಳು ಹೋದದ್ದು ಐದು ಭಾಷೆಗಳಲ್ಲಿ: ಹಿಂದಿ, ಒಡಿಯಾ, ಮರಾಠಿ, ಬಾಂಗ್ಲಾ, ಪಂಜಾಬಿ. ಕನ್ನಡ ಇರಲಿಲ್ಲ. ಆದ್ದರಿಂದ "ಸರ್ಕಾರದ ಎಐ ಮಳೆ ಮೆಸೇಜು" ಎಂದು ಆ ವರ್ಷದ ಹೆಸರಿನಲ್ಲಿ ಕನ್ನಡದಲ್ಲಿ ಏನಾದರೂ ನಿಮ್ಮ ಗುಂಪಿಗೆ ಬಂದರೆ, ಅದು ಆ ಪ್ರಯೋಗದಿಂದ ನೇರವಾಗಿ ಬಂದದ್ದಲ್ಲ. ಯಾರೋ ಅನುವಾದಿಸಿದ್ದು, ಅಥವಾ ಯಾರೋ ಹುಟ್ಟಿಸಿದ್ದು. ಅನುವಾದವೇ ಆದರೂ ಅದು ಬೇರೆ ಊರಿನ ಮುನ್ಸೂಚನೆ, ನಿಮ್ಮ ಹೊಲಕ್ಕೆ ಅನ್ವಯಿಸದು.

ಹಾಗೆಯೇ ಮಳೆಯ ಯಾವುದೇ ಫಾರ್ವರ್ಡ್ ಕೈಗೆ ಬಂದಾಗ ಅದರಲ್ಲಿ ಊರು ಅಥವಾ ತಾಲ್ಲೂಕಿನ ಹೆಸರಿದೆಯೇ, ಹೇಳಿದ ದಿನಾಂಕ ಇದೆಯೇ, "ಬಹುಶಃ" ಅಥವಾ "ಇಷ್ಟು ಸಾಧ್ಯತೆ" ಎಂಬ ಮಾತಿದೆಯೇ ನೋಡಿ. ನಾಲ್ಕು ವಾರ ಮುಂಚೆ ಇಂಥದ್ದೇ ದಿನ ಮಳೆ ಬರುತ್ತದೆ ಎಂದು ಖಚಿತವಾಗಿ ಹೇಳುವ ವಿಜ್ಞಾನ ಇವತ್ತಿಗೂ ಇಲ್ಲ, ಎಐ ಬಂದ ಮೇಲೂ ಇಲ್ಲ. ವಾರ ಕಳೆದಂತೆ ಅಂದಾಜು ಬದಲಾಗುತ್ತದೆ. ಹಾಗಾಗಿ ಹಳೆಯ ಮುನ್ಸೂಚನೆ ಆಗ ಸರಿಯಿದ್ದರೂ ಈಗ ಸುಳ್ಳಾಗಿರಬಹುದು. ಕಳೆದ ವಾರದ್ದನ್ನು ಇವತ್ತು ದಾಟಿಸಬೇಡಿ.